ಮದರಂಗಿ ಹೂಬಿಟ್ಟ ಬೇಲಿ

ಈಗಲೇ ಹೇಳಿಬಿಡಬೇಕೇ, ಭಾನುವಾರದ ತನಕ ಇಟ್ಟುಕೊಳ್ಳಬಹುದೇ? ಫೋನಿನಲ್ಲಿ ಹೇಳಿದರೆ ಎರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಎರಡು ವರ್ಷ ತನ್ನನ್ನೂ ಅಕ್ಷಿತಾಳನ್ನೂ ಕಾಡಿದ ಸಂಗತಿ ಎರಡು ವಾಕ್ಯದಲ್ಲಿ ಮುಗಿಯಬಾರದು ಎಂದು ಸುಕೇಶನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ನಿಜವೇ ಅಥವಾ ಬರೀ ನೆಪವೇ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ.

ಮಣಿಪಾಲದ ಆ ಅಲರ್ಜಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಶರ್ಟಿನ ತೋಳು ಮಡಚಿ ಮತ್ತೊಮ್ಮೆ ನೋಡಿಕೊಂಡ. ಮುಂಗೈಯುದ್ದಕ್ಕೂ ಪೆನ್ನಿನಲ್ಲಿ ಬರೆದ ನಂಬರುಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಹನಿ ಇಟ್ಟು, ಸೂಜಿಯಿಂದ ಚುಚ್ಚಿ, ಕಾಲು ಗಂಟೆ ಕಾದು ನೋಡಿದ್ದರು. ಏಳನೆಯ ನಂಬರಿನ ಪಕ್ಕ ಚರ್ಮ ಏನೂ ಆಗದಂತೆ ಸುಮ್ಮನಿತ್ತು. ಅದು ಮಲ್ಲಿಗೆ. ಹನ್ನೊಂದರ ಪಕ್ಕ ಉಗುರಿನಗಲ ದದ್ದು ಎದ್ದು, ಸುತ್ತ ಕೆಂಪಾಗಿ ಉರಿಯುತ್ತಿತ್ತು. ಅದು ಮದರಂಗಿ.

ಅವನಿಗೆ ಮೊದಲು ಆದದ್ದು ಖುಷಿಯಲ್ಲ, ದಿಗಿಲು. ಇಷ್ಟು ದಿನ ಯಾರ ಮೇಲೆ ಅಪವಾದ ಹೊರಿಸಿದ್ದೆವು ನಾವು?

ಡಾಕ್ಟರ್ ಸಿಸಿಲಿಯಾ ಅವರಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಅವರು ಶಂಕರಪುರದ ಕಡೆಯವರು, ಮಲ್ಲಿಗೆ ಕಟ್ಟುತ್ತಲೇ ಓದಿದವರು. ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕೊಯ್ಯುತ್ತಾರೆ, ಪರಾಗ ಒಳಗೇ ಉಳಿಯುತ್ತದೆ, ಅದು ನಿಮ್ಮ ಮೂಗಿನ ತನಕ ಬರುವುದು ಹೇಗೆ ಎಂದು ಕೇಳಿದರು. ಅಕ್ಷಿತಾಳ ಮನೆಯಲ್ಲಿ ಮದರಂಗಿ ಗಿಡ ಉಂಟೇ ಎಂದು ವಿಚಾರಿಸಿದರು. ರಸ್ತೆಯುದ್ದಕ್ಕೂ ಬೇಲಿಯೇ ಮದರಂಗಿಯದ್ದು ಎಂದು ಸುಕೇಶ ನೆನಪು ಮಾಡಿಕೊಂಡು ಹೇಳಿದ.

“ಹುಡುಗಿ ಬಟ್ಟೆ ಎಲ್ಲಿ ಒಣಹಾಕ್ತಾಳೆ?”

ಸುಕೇಶ ತಬ್ಬಿಬ್ಬಾದ. “ಬೇಲಿ ಮೇಲೆ.”

“ಮತ್ತೆ ಎಂತ ಮಾರಾಯ್ರೆ? ಹೂವಿನ ಹುಡಿ ಎಲ್ಲ ಅವಳ ಶಾಲಿನಲ್ಲಿ ಕೂತು ಬಸ್ಸಿನಲ್ಲಿ ಮಣಿಪಾಲಕ್ಕೆ ಬರ್ತದೆ. ನೀವು ಪಾಪದ ಮಲ್ಲಿಗೆಗೆ ಬೈದದ್ದು.”

ಉಪಾಯ ಸರಳವಿತ್ತು. ಹೂ ಬಿಡುವ ಕಾಲಕ್ಕೆ ಎರಡು ವಾರ ಮೊದಲೇ ಮೂಗಿನ ಸ್ಪ್ರೇ ಶುರು ಮಾಡಬೇಕು. ಅವರು ಬರೆದುಕೊಟ್ಟ ಮಾತ್ರೆ ದಿನಕ್ಕೊಂದು, ಉಬ್ಬಸಕ್ಕೆ ಇನ್‌ಹೇಲರ್ ಯಾವಾಗಲೂ ಜೇಬಿನಲ್ಲಿ. ಹೊರಗಿನಿಂದ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಬೇಲಿಯನ್ನು ಪ್ರತಿ ವರ್ಷ ಮೊಗ್ಗು ಕಾಣುವ ಮೊದಲೇ ತುದಿ ಕಡಿದು ಸವರಬೇಕು, ಅದೂ ಬೇರೆಯವರು, ಇವನಲ್ಲ. ಗಿಡ ಕೀಳಬೇಕೆಂದೇನೂ ಇಲ್ಲ. ಇಷ್ಟು ಸಣ್ಣದಕ್ಕೆ ಎರಡು ವರ್ಷ ಕಾದಿರಾ ಎಂದು ಅವರು ಬೈಯಲೂ ಬೈದರು.

ಅಕ್ಷಿತಾ ಮಣಿಪಾಲದ ಮುದ್ರಣಾಲಯಕ್ಕೆ ಡಿಸೈನ್ ಕೆಲಸಕ್ಕೆ ಸೇರಿದ್ದು ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ. ಸುಕೇಶ ಅಲ್ಲಿ ಪ್ರೂಫ್ ನೋಡುವವನು. ಉದ್ಯಾವರದವನು, ಎಂ.ಎ. ಮಾಡಿಕೊಂಡವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮೊದಲ ದಿನ ಅವಳು ತಲೆತುಂಬ ಮಲ್ಲಿಗೆ ಮುಡಿದು, ಕೈಯಲ್ಲಿ ಒಂದು ಹಾಳೆ ಹಿಡಿದು ಅವನ ಮೇಜಿನ ಪಕ್ಕ ನಿಂತಳು. ಅವನು ತಲೆಯೆತ್ತಿ ನೋಡಿದ. ಕಣ್ಣಿನಿಂದ ದಳದಳ ನೀರು ಇಳಿಯಿತು.

“ನಾನು ಬಂದದ್ದು ನಿಮಗೆ ಇಷ್ಟು ಬೇಸರವಾ?” ಎಂದು ಅವಳು ಕೇಳಿದಳು.

ಉತ್ತರಿಸಲು ಬಾಯಿ ತೆರೆದವನು ಸೀನತೊಡಗಿದ. ಅವಳು ಓಡಿಹೋಗಲಿಲ್ಲ. ನಿಂತು ಎಣಿಸಿದಳು.

“ಏಳು,” ಎಂದಳು ಕೊನೆಗೆ. “ನಮ್ಮ ಅಜ್ಜನದ್ದು ಐದೇ.”

ಆಮೇಲೆ ಅದೊಂದು ಆಟವೇ ಆಯಿತು. ಅವನು ಸೀನಿದರೆ ಆಚೆ ಮೇಜಿನಿಂದ ಲೆಕ್ಕ ಕೇಳಿಸುತ್ತಿತ್ತು. ಕರವಸ್ತ್ರದ ಮೇಲಿನಿಂದ ಅವನು ಕದ್ದು ನೋಡಿದರೆ, ಅವಳು ಕಂಪ್ಯೂಟರಿನ ಪರದೆ ಬಿಡದೆ ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗುತ್ತಿದ್ದಳು. ಜೂನ್ ಬಂತು, ಮೂಗು ಕಣ್ಣು ಎರಡೂ ತಿಳಿಯಾದವು. ಅವಳ ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಮಚ್ಚೆಯಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಅಷ್ಟು ಹೊತ್ತು ನೋಡಿದ್ದು ಅವಳಿಗೂ ಗೊತ್ತಾಯಿತು. ಎಂತ ಎಂದು ಹುಬ್ಬಿನಲ್ಲೇ ಕೇಳಿದಳು. ಏನಿಲ್ಲ ಎಂದು ಅವನು ತಲೆಯಾಡಿಸಿದ. ಅವರ ಪ್ರೀತಿಯ ನಿವೇದನೆ ಅಷ್ಟೇ.

ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಶುರುವಾಯಿತು. ಅವಳು ಹೂ ಮುಡಿಯುವುದನ್ನು ಬಿಟ್ಟಳು. ಇನ್ನಂಜೆಯ ಮಲ್ಲಿಗೆ ಮನೆಯ ಹುಡುಗಿ ಬೋಳು ಜಡೆಯಲ್ಲಿ ಬಸ್ಸು ಹತ್ತಿದರೆ ನಾಲ್ಕು ಮಂದಿ ಕೇಳುತ್ತಾರೆ. ತಲೆನೋವು ಎಂದು ಹೇಳಿಕೊಂಡು ತಿರುಗಿದಳು. ಆದರೂ ಅವನ ಕಣ್ಣಿನ ನೀರು ನಿಲ್ಲಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಬರುವವಳು ತಾನು, ಮಲ್ಲಿಗೆ ತನ್ನ ಮೈಯಲ್ಲೇ ಉಂಟು, ತೊಳೆದರೆ ಹೋಗುವುದಿಲ್ಲ ಎಂದು ನಕ್ಕಳು. ಎರಡನೆಯ ಸಲ ಅದೇ ಮಾತು ಹೇಳುವಾಗ ನಗಲಿಲ್ಲ.

ಈ ಮಾರ್ಚಿನಲ್ಲಿ ಸುಕೇಶ ಮೊದಲ ಬಾರಿಗೆ ಅವಳ ಮನೆಗೆ ಹೋದ. ಚಾ ಕುಡಿದು ಮುಗಿಯುವ ಮೊದಲೇ ಎದೆಯಲ್ಲಿ ಸೀಟಿ ಊದಿದ ಹಾಗೆ ಉಬ್ಬಸ ಹಿಡಿಯಿತು. ಅವಳ ಅಣ್ಣ ರೋಹಿತ್ ಕಾರಿನಲ್ಲಿ ಹಾಕಿಕೊಂಡು ಉಡುಪಿಯ ಆಸ್ಪತ್ರೆಗೆ ಓಡಿಸಿದ. ಅಲ್ಲಿಗೆ ಬಂದ ಸುಕೇಶನ ತಂದೆ ಭೋಜಣ್ಣ ಆಕ್ಸಿಜನ್ ಕೊಳವೆ ನೋಡಿದವರು, ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು. ಹುಡುಗಿ ಒಳ್ಳೆಯವಳೇ, ಆದರೆ ಆ ಅಂಗಳದಲ್ಲಿ ಮಲ್ಲಿಗೆ ಇರುವವರೆಗೆ ನನ್ನ ಮಗನನ್ನು ಅಲ್ಲಿಗೆ ಕಳಿಸಲಾರೆ. ಅಕ್ಷಿತಾಳ ತಾಯಿ ಸುಗಂಧಿಯಕ್ಕನ ಬದುಕೇ ಆ ಮಲ್ಲಿಗೆ. ಬರುವ ಭಾನುವಾರ ಮದುವೆಯ ಕೊನೆಯ ಮಾತುಕತೆ ಎಂದಾಗಿತ್ತು. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿಸಿ ನೋಡುವ ಎಂದು ಸುಕೇಶ ಬುಧವಾರ ಇಲ್ಲಿಗೆ ಬಂದಿದ್ದ.

ಫೋನು ಅವಳೇ ಮಾಡಿದಳು, ಸಂಜೆ, ಬಸ್ಸಿನಿಂದ.

“ಡಾಕ್ಟರ್ ಎಂತ ಹೇಳಿದ್ರು?”

“ಭಾನುವಾರ ಬರ್ತೇನಲ್ಲ. ಆಗ ಹೇಳ್ತೇನೆ.”

“ಅಂದ್ರೆ ಮಲ್ಲಿಗೆಯೇ, ಅಲ್ವಾ?”

ಆಚೆ ಕಡೆ ಕಂಡಕ್ಟರ್ ಕಾಪು, ಕಾಪು ಎಂದು ಕೂಗುವುದು ಕೇಳಿಸಿತು. ಹೇಳಬೇಕಾದ ಒಂದು ಪದ ‘ಅಲ್ಲ’. ಅದು ನಾಲಿಗೆಯ ತುದಿಯಲ್ಲೇ ಇತ್ತು.

“ಇರಲಿ,” ಎಂದಳು ಅಕ್ಷಿತಾ. “ನಾನು ನೋಡಿಕೊಳ್ತೇನೆ.”

ಗುರುವಾರ, ಶುಕ್ರವಾರ ಅವಳು ರಜೆ ಹಾಕಿದಳು. ಅವನು ಮೂರು ಬಾರಿ ಮೆಸೇಜ್ ಬರೆದ, ಮೂರು ಬಾರಿಯೂ ಅಳಿಸಿದ. ಪ್ರೂಫಿನಲ್ಲಿ ಬೇರೆಯವರ ಒಂದಕ್ಷರ ತಪ್ಪಿದರೂ ಸಹಿಸದವನು, ತನ್ನ ವಾಕ್ಯ ಸರಿಯಾಗುವ ತನಕ ಕಾಯೋಣ ಎಂದುಕೊಂಡ.

ಭಾನುವಾರ ಹತ್ತು ಗಂಟೆಗೆ ಭೋಜಣ್ಣನ ಕಾರು ಇನ್ನಂಜೆಯ ಆ ಮನೆಯೆದುರು ನಿಂತಿತು. ಸುಕೇಶ ಮಾಸ್ಕ್ ಹಾಕಿಕೊಂಡಿದ್ದ. ಬಾಗಿಲು ತೆರೆದು ಇಳಿದವನಿಗೆ ಮನೆ ತಪ್ಪಿತೇನೋ ಅನ್ನಿಸಿತು. ಎದುರಿಗೆ ಬರೀ ಕೆಂಪು ಮಣ್ಣು.

ಸಾಲಾಗಿ ಗುಂಡಿಗಳಿದ್ದವು. ಒಂದೊಂದರ ಪಕ್ಕದಲ್ಲಿ ಒಂದೊಂದು ಗಿಡ ಬೇರುಸಹಿತ ಮಗುಚಿ ಬಿದ್ದಿತ್ತು. ಎಲೆಗಳು ಬಾಡಿ ಸುರುಟಿಕೊಂಡಿದ್ದವು. ಕೊಯ್ಯದೆ ಬಿಟ್ಟ ಮೊಗ್ಗುಗಳು ಬಿದ್ದಲ್ಲಿಯೇ ಅರಳಿ ಕಂದಿದ್ದವು. ಭೋಜಣ್ಣ ಮುಂಡಿನ ತುದಿ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತರು.

ಜಗಲಿಯಲ್ಲಿ ಸುಗಂಧಿಯಕ್ಕ ಕೂತಿದ್ದರು. ಹನ್ನೊಂದು ಗಂಟೆಯೊಳಗೆ ಹೂ ಕಟ್ಟಿ ಮುಗಿಸಬೇಕಾದ ಕೈಗಳು ಮಡಿಲಲ್ಲಿ ಕೆಲಸವಿಲ್ಲದೆ ಬಿದ್ದಿದ್ದವು. ತಾನು ಶುಕ್ರವಾರ ಕಾರ್ಕಳದ ತಂಗಿಯ ಮನೆಗೆ ಹೋಗಿ ನಿನ್ನೆ ಸಂಜೆ ಬಂದದ್ದು, ಬರುವಾಗ ಹೀಗಿತ್ತು ಎಂದು ಅವರು ಯಾರನ್ನೂ ನೋಡದೆ ಹೇಳಿದರು. ಇಪ್ಪತ್ತೆರಡು ಗಿಡ, ಎಲ್ಲವೂ ಅಕ್ಷಿತಾಳೇ ಡಿಗ್ರಿ ಓದುವಾಗ ನೆಟ್ಟದ್ದು. ಹಿತ್ತಿಲಲ್ಲಿ ತನ್ನ ಆರು ಹಳೆಯ ಗಿಡಗಳನ್ನು ಮಾತ್ರ ಮುಟ್ಟಲಿಲ್ಲ, ಅವನ್ನೂ ತನ್ನನ್ನು ಕೇಳಿ ತೆಗೆಯುತ್ತಾಳಂತೆ.

ಅಕ್ಷಿತಾ ಒಳಗಿನಿಂದ ಬಂದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಬಟ್ಟೆ ಸುತ್ತಿಕೊಂಡಿದ್ದಳು. ಮುಖದಲ್ಲಿ ನಗುವಿತ್ತು, ಪರೀಕ್ಷೆಯಲ್ಲಿ ಪಾಸಾಗಿ ಬಂದವರ ಹಾಗೆ.

“ಮಾಮ, ಈಗ ಬರಬಹುದಲ್ಲ ಒಳಗೆ,” ಎಂದಳು ಭೋಜಣ್ಣನಿಗೆ. ಮತ್ತೆ ಸುಕೇಶನ ಕಡೆ ತಿರುಗಿ, “ಮಾಸ್ಕ್ ತೆಗೀರಿ. ಅಂಗಳದಲ್ಲಿ ಒಂದೇ ಒಂದು ಗಿಡ ಇಲ್ಲ.”

ಅವನು ಮಾಸ್ಕ್ ತೆಗೆದ. ಜೇಬಿನಲ್ಲಿದ್ದ ರಿಪೋರ್ಟಿಗೆ ಕೈ ಹಾಕಿದ. ಅಷ್ಟರಲ್ಲಿ ರಸ್ತೆ ಕಡೆಯಿಂದ ಗಾಳಿ ಬೀಸಿತು.

ಅವನು ಸೀನಿದ. ಮತ್ತೆ ಸೀನಿದ.

ಅಭ್ಯಾಸಬಲದಿಂದ ಅಕ್ಷಿತಾಳ ತುಟಿ ಎಣಿಸತೊಡಗಿತು. ಐದಕ್ಕೆ ನಿಂತುಹೋಯಿತು. ಅವಳು ಖಾಲಿ ಅಂಗಳ ನೋಡಿದಳು, ಅವನ ಕಣ್ಣಿನಲ್ಲಿ ಇಳಿಯುತ್ತಿದ್ದ ನೀರು ನೋಡಿದಳು, ಮತ್ತೆ ಅಂಗಳ ನೋಡಿದಳು. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಅವನಿಗೆ ಕಂಡಿತು.

“ಇನ್ನು ಎಂತ ಉಂಟು ಇಲ್ಲಿ?” ಎಂದಳು. ಧ್ವನಿ ಬಹಳ ಸಣ್ಣದಾಗಿತ್ತು.

ಸುಕೇಶ ಬೆರಳು ತೋರಿಸಿದ. ರಸ್ತೆಯುದ್ದಕ್ಕೂ ಎದೆಮಟ್ಟದ ಬೇಲಿ, ತುದಿತುದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಿಳಿಹಳದಿ ಹೂಗಳ ಗೊಂಚಲು. ಅದರ ಮೇಲೆ ಅವಳ ನೀಲಿ ಶಾಲು ಒಣಗುತ್ತಿತ್ತು.

“ಮದರಂಗಿ,” ಎಂದ. “ಮಲ್ಲಿಗೆ ಅಲ್ಲ. ಮಲ್ಲಿಗೆ ನನಗೆ ಎಂತದೂ ಮಾಡುವುದಿಲ್ಲ.”

ಜೇಬಿನಿಂದ ರಿಪೋರ್ಟ್ ತೆಗೆದು ಕೊಟ್ಟ. ಅವಳು ಬಟ್ಟೆ ಸುತ್ತಿದ ಕೈಯಲ್ಲೇ ಬಿಡಿಸಿ ಓದಿದಳು. ಓದಿ ಮುಗಿದ ಮೇಲೂ ಕಣ್ಣು ಹಾಳೆಯ ಮೇಲ್ತುದಿಗೆ ಹೋಗಿ ಅಲ್ಲೇ ನಿಂತಿತು. ಅಲ್ಲಿ ತಾರೀಕು ಇತ್ತು.

“ಬುಧವಾರದ್ದು.”

“ಹೌದು.”

“ನಾನು ಫೋನ್ ಮಾಡುವಾಗ ನಿಮ್ಮ ಕೈಯಲ್ಲಿತ್ತು ಇದು.”

ಅವನು ಹೌದೆಂದು ತಲೆಯಾಡಿಸಿದ. ಎದುರಿಗೆ ನಿಂತು ಹೇಳಬೇಕು ಎಂದಿದ್ದೆ, ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು, ನೀನು ಹೀಗೆ ಮಾಡುತ್ತಿ ಎಂದು ಕನಸಿನಲ್ಲೂ ಎಣಿಸಲಿಲ್ಲ ಎಂದು ತಡವರಿಸಿದ. ಎರಡು ವರ್ಷದಲ್ಲಿ ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದು. ನಡುವೆ ಉಬ್ಬಸ ಬಂದು ಇನ್‌ಹೇಲರ್ ಎಳೆಯಬೇಕಾಯಿತು.

ಅಕ್ಷಿತಾ ಅಳಲಿಲ್ಲ, ಬೈಯಲಿಲ್ಲ. ಹಾಳೆ ಮಡಚಿ ವಾಪಸು ಕೊಟ್ಟಳು.

“ಒಂದು ಪದ ಸಾಕಿತ್ತು ಮಾರಾಯ್ರೆ,” ಎಂದಳು. “ನಿಮ್ಮ ಮೌನ ನನಗೆ ಇಷ್ಟ ಅಂತ ಹೇಳಿದ್ದೆ ಒಮ್ಮೆ. ಅದನ್ನು ವಾಪಸು ತಗೊಳ್ತೇನೆ.”

ಎಲ್ಲರೂ ಬೆಚ್ಚಿ ನಿಂತಿದ್ದ ಆ ಹೊತ್ತಿನಲ್ಲಿ ಮೊದಲು ಅಲುಗಾಡಿದ್ದು ಭೋಜಣ್ಣ. ಅವರು ಮಗನ ಭುಜ ಹಿಡಿದು ಕಾರಿನೊಳಗೆ ಕೂರಿಸಿ ಗಾಜು ಏರಿಸಿದರು. ಆಮೇಲೆ ಮುಂಡು ಎತ್ತಿ ಕಟ್ಟಿ ಜಗಲಿಯ ಬಳಿಗೆ ಹೋದರು.

“ಸುಗಂಧಿಯಕ್ಕ, ಒಂದು ಕತ್ತಿ ಕೊಡಿ. ಮಲ್ಲಿಗೆ ಹೋಗಲಿಕ್ಕೆ ನನ್ನ ಬಾಯಿಯೂ ಕಾರಣ.”

ಸುಗಂಧಿಯಕ್ಕ ಎದ್ದರು. ಆ ಬೇಲಿ ಅವರ ಅತ್ತೆ ನೆಟ್ಟದ್ದು, ಮನೆಯ ಹೆಣ್ಣುಮಕ್ಕಳ ಮದುವೆಗೆಲ್ಲ ಎಲೆ ಅದರದ್ದೇ. ತುದಿ ಮಾತ್ರ ಸವರಿದರೆ ಸಾಕು, ಎಲೆ ತೊಂದರೆ ಕೊಡುವುದಿಲ್ಲ ಎಂದು ರಿಪೋರ್ಟ್ ಓದಿದ ಅಕ್ಷಿತಾ ಹೇಳಿದಳು. ಮೂವರೂ ಸೇರಿ ಹೂಗೊಂಚಲುಗಳನ್ನು ಕಡಿದು, ಗೋಣಿಯಲ್ಲಿ ತುಂಬಿ, ದೂರ ಒಯ್ದು ಹೂತುಹಾಕಿದರು. ಮುಚ್ಚಿದ ಗಾಜಿನೊಳಗಿನಿಂದ ಸುಕೇಶ ನೋಡುತ್ತಿದ್ದ. ಅವಳು ಒಮ್ಮೆಯೂ ಕಾರಿನ ಕಡೆ ತಿರುಗಲಿಲ್ಲ. ಕೊನೆಗೆ ಶಾಲನ್ನು ಕೊಡವಿ, ಒಗೆಯುವ ಕಲ್ಲಿಗೆ ಹಾಕಿ ಬಂದು, ಗಾಜಿನ ಮೇಲೆ ಬೆರಳಿನಲ್ಲಿ ತಟ್ಟಿದಳು.

“ಎಷ್ಟಾಯ್ತು ಒಟ್ಟು?” ಎಂದು ಅವಳ ತುಟಿ ಕೇಳಿತು.

ಅವನು ಎರಡೂ ಕೈಯ ಬೆರಳುಗಳನ್ನು ಎತ್ತಿ ತೋರಿಸಿದ. ಒಂಬತ್ತು. ಅವಳಿಗೆ ನಗು ಬಂತು, ಅದನ್ನು ತಡೆಯಲು ಹೋಗಿ ಅಳು ಬಂತು.

ಜುಲೈಯಲ್ಲಿ, ಮಳೆ ಹಿಡಿದ ಮೇಲೆ, ಪಕ್ಕದ ಮನೆಯ ಪ್ಯಾಟ್ರಿಶಿಯಾಬಾಯಿ ಕೊಟ್ಟ ಮಲ್ಲಿಗೆ ಗಿಡಗಳನ್ನು ಇಬ್ಬರೂ ಸೇರಿ ನೆಟ್ಟರು. ಮದುವೆ ನವೆಂಬರಿಗೆ ನಿಶ್ಚಯವಾಗಿತ್ತು. ಅಷ್ಟರೊಳಗೆ ಇವು ಹೂ ಬಿಡುವುದಿಲ್ಲ, ಹಿತ್ತಿಲ ಆರು ಗಿಡದ ಹೂ ಸಾಲದು, ಮದುಮಗಳಿಗೆ ಬೇರೆಯವರ ಅಂಗಳದ ಹೂವೇ ಗತಿ ಎಂದು ಸುಗಂಧಿಯಕ್ಕ ಮಗಳನ್ನು ಚುಚ್ಚುತ್ತಿದ್ದರು.

ಕೊನೆಯ ಗುಂಡಿಗೆ ಮಣ್ಣು ಒತ್ತುತ್ತಾ ಅಕ್ಷಿತಾ ಕೇಳಿದಳು, “ನಿಜ ಹೇಳಿ. ಆ ನಾಲ್ಕು ದಿನ ಎಂತ ಯೋಚನೆ ಮಾಡಿಕೊಂಡಿದ್ರಿ?”

“ಎದುರಿಗೆ ಹೇಳಬೇಕು ಅಂತ. ಅಷ್ಟೇ.”

ಅವಳು ನಂಬಿದಳು. ಮಣ್ಣಿನ ಕೈಯಲ್ಲೇ ಅವನ ಮೂಗಿನ ತುದಿ ಮುಟ್ಟಿ ಎದ್ದುಹೋದಳು.

ತನಗಾಗಿ ಅವಳು ಎಷ್ಟನ್ನು ಬಿಡಬಲ್ಲಳು ಎಂದು ನೋಡುವ ಆಸೆ ಆ ನಾಲ್ಕು ದಿನ ತನ್ನೊಳಗಿತ್ತು ಎಂಬುದನ್ನು ಸುಕೇಶ ಅವಳಿಗೆ ಎಂದೂ ಹೇಳಲಿಲ್ಲ.