ಚಿತ್ತಮ್ಮನ ಇಂಜೆಕ್ಷನ್ ಡಬ್ಬಿ

ಬೆಳಿಗ್ಗೆ ಏಳಕ್ಕೆ ರಾಯದುರ್ಗ ಠಾಣೆಗೆ ದೂರು ಬಂತು. ಖಾಸಗಿ ಆಸ್ಪತ್ರೆಯ ವಾರ್ಡಿನಿಂದ ಚಿತ್ತಮ್ಮನೆಂಬ ರೋಗಿಯ ಇಂಜೆಕ್ಷನ್ ಡಬ್ಬಿ ರಾತ್ರಿ ಕಳುವಾಗಿದೆ, ನಸುಕಿನಲ್ಲಿ ಆಕೆ ತೀರಿಕೊಂಡಿದ್ದಾಳೆ. ದೂರು ಕೊಟ್ಟವರು ಡಾಕ್ಟರ್ ಮಂಗಳಾ. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಗೋವರ್ಧನ್ ಹೊರಟರು. ಅವರೆಂಥವರೆಂದರೆ, ಒಮ್ಮೆ ದಿಟ್ಟಿಸಿದರೆ ಕೋಟೆಗುಡ್ಡದ ಬಂಡೆಯೂ ಬೆವರಿ ತಪ್ಪೊಪ್ಪಿಕೊಳ್ಳುತ್ತದೆ. ಅವರ ಜೀಪು ಕೆಮ್ಮಿದರೆ ಬಳ್ಳಾರಿಯ ಕಳ್ಳರು ಉಣ್ಣುವ ತಟ್ಟೆ ಬಿಟ್ಟು ಏಳುತ್ತಾರೆ. ನಂಬದವರು ಬಳ್ಳಾರಿಗೆ ಹೋಗಿ ಕೇಳಬಹುದು.

ಪಂಚನಾಮೆ ನಡೆಯಿತು. ಡಬ್ಬಿ ಇಟ್ಟಿದ್ದ ಕಪಾಟಿನ ಬೀಗ ಮುರಿದಿರಲಿಲ್ಲ, ಬೀಗವೇ ಇರಲಿಲ್ಲ.

ಚಿತ್ತಮ್ಮನಿಗೂ ಪಕ್ಕದ ಮಂಚದ ರಾಧಿಕಾಗೂ ಒಂದೇ ಸೋಂಕು ಎಂದರು ಡಾಕ್ಟರ್. ರಾಧಿಕಾ ಜೀನ್ಸ್ ಹೊಲಿಯುವ ಹುಡುಗಿ. ಈ ರೋಗಾಣು ಒಂದು ಕಿಣ್ವ ಬಿಟ್ಟು ಮಾಮೂಲಿ ಆಂಟಿಬಯೋಟಿಕ್ಕನ್ನು ತುಂಡರಿಸಿಬಿಡುತ್ತದೆ. ಕಳುವಾದ ಇಂಜೆಕ್ಷನ್ನಿನಲ್ಲಿ ಎರಡು ಔಷಧ ಕೂಡಿವೆ: ಒಂದು ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ಇನ್ನೊಂದು ರೋಗಾಣುವನ್ನು ಕೊಲ್ಲುತ್ತದೆ. ಬಳ್ಳಾರಿಯಿಂದ ಮೊದಲು ಬಂದದ್ದು ಚಿತ್ತಮ್ಮನ ಡಬ್ಬಿ. ರಾಧಿಕಾಳದು ಬೆಳಗಿನ ಬಸ್ಸಿಗೆ ಬರಬೇಕಿತ್ತು.

ಕಾನ್‌ಸ್ಟೇಬಲ್ ಅಂಜಿನಿ ಗೋಡೆಯ ಹಲ್ಲಿಯನ್ನೂ ಬಿಡದೆ ವಿಚಾರಿಸಿದ. ಯಾರೂ ಏನೂ ಕಂಡಿರಲಿಲ್ಲ. ಗೋವರ್ಧನ್ ಮಾತ್ರ ರಾಧಿಕಾಳ ತೋಳನ್ನು ನೋಡುತ್ತಿದ್ದರು. ಅಲ್ಲಿ ಹೆಬ್ಬೆರಳಗಲ ಕೆಮ್ಮಣ್ಣಿನ ಗುರುತು. ಒಂದೇ ಕುರಿಗೆ ಎರಡು ಸಲ ಸೂಜಿ ಬೀಳದಿರಲೆಂದು ಕುರಿ ಸಾಕುವವರು ಹಚ್ಚುವ ಗುರುತು ಅದು. ಮಂಚದ ಪಕ್ಕ ಕಂಬಳಿ ಹೊದ್ದು ಕೂತಿದ್ದವನು ಅವಳ ಅಪ್ಪ, ಕುರಿಗಾಹಿ ನರಸಪ್ಪ.

"ಡಬ್ಬಿ ಎಲ್ಲೈತಿ?"

ಕಂಬಳಿಯ ಮಡಿಕೆಯಿಂದ ತೆಗೆದುಕೊಟ್ಟ. ಖಾಲಿಯಾಗಿದ್ದುದು ಒಂದೇ ಸೀಸೆ.

"ಉಳಿದದ್ದು ಯಾಕ ಬಿಟ್ಟಿ?"

"ಹಾಕಿದ ಮ್ಯಾಲ ಎರಡು ಗುಟುಕು ಗಂಜಿ ಕುಡುದ್ಲರಿ. ಕುರಿ ಮೇವು ಮುಟ್ತಂದ್ರ ಸೂಜಿ ನಿಲ್ಲಿಸ್ತೀವ್ರಿ. ಉಳಿದದ್ದು ಅಲ್ಲೇ ಇಡಾನಂತ ಎದ್ದೆ. ಅಷ್ಟೊತ್ತಿಗೆ ಆ ಯಮ್ಮನ ಸುತ್ತ ಎಲ್ಲಾರೂ ನಿಂತಿದ್ರು."

ಜ್ವರ ಬಂದಾಗಲೆಲ್ಲ ಮಗಳಿಗೆ ಕುರಿಯ ಔಷಧವನ್ನೇ ಹಾಕುತ್ತಿದ್ದೆಯಾ ಎಂದು ಡಾಕ್ಟರ್ ಕೇಳಿದರು. ಹಾಕುತ್ತಿದ್ದ, ಉಂಡಳೆಂದರೆ ನಿಲ್ಲಿಸುತ್ತಿದ್ದ. ತಾಯಿಯಿಲ್ಲದ ಮಗಳು, ಬೇರೆಯವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳುತ್ತಿರಲಿಲ್ಲ. ಹಾಗೆ ಅರೆಬರೆ ಏಟು ತಿಂದು ಉಳಿದ ರೋಗಾಣುವೇ ಬಲಿಯುವುದು ಎಂದರು ಡಾಕ್ಟರ್.

ನರಸಪ್ಪ ಮಗಳ ಮುಖ ನೋಡಿದ.

"ಹಂಗಾರ ಈ ರೋಗಾನ ನಾನ ಸಾಕೀನೇನ್ರಿ?"



ಹನ್ನೊಂದು ಗಂಟೆಗೆ ಬಂಧನ. ಬಸ್ಸು ಬರುವ ತನಕ ಮಗಳು ಉಳಿಯಲಾರಳೆಂಬ ಭಯ, ಕಾರಣ ಅಷ್ಟೇ ಎಂದು ಗೋವರ್ಧನ್ ಬರೆದುಕೊಂಡರು. ಅದೇ ಹೊತ್ತಿಗೆ ರಾಧಿಕಾಳ ಡಬ್ಬಿ ಬಸ್ಸಿಳಿದು ಬಂತು. ಬಾಗಿಲಲ್ಲಿ ಚಿತ್ತಮ್ಮನ ಗಂಡ ಗಂಗಣ್ಣ ಕೂತಿದ್ದ. ನರಸಪ್ಪ ಅವನ ಮುಂದೆ ನಿಂತ. ಗಂಗಣ್ಣ ತಲೆ ಎತ್ತಲಿಲ್ಲ.

ಜೀಪು ಹತ್ತುವಾಗ ನರಸಪ್ಪ ಹಿಂದೆ ತಿರುಗಿ ಹೇಳಿದ: "ಸಾಹೇಬ್ರ, ಡಾಕ್ಟರಮ್ಮಗ ಹೇಳ್ರಿ. ನಮ್ಮ ಕೂಸು ಉಂಡ್ರೂ ಸೂಜಿ ನಿಲ್ಲಿಸೋದು ಬ್ಯಾಡಂತ."