ಒಂದು ಚಿಪ್ಪು ಉಪ್ಪು

ಅಂದು ಬೆಳಿಗ್ಗೆ ಯಲಹಂಕದ ಮೇಲೆ ಮಳೆ ಎನ್ನಲಾಗದ, ಮಂಜು ಎನ್ನಲೂ ಆಗದ ತುಂತುರು ಇಳಿಯುತ್ತಿತ್ತು. ಕೆರೆಯ ಕಡೆಯಿಂದ ಬಂದ ತಣ್ಣನೆ ಗಾಳಿ ಹಳೇ ಊರಿನ ಗಲ್ಲಿಗಳಲ್ಲಿ ಸುಳಿದಾಡಿ, ಬಾಗಿಲ ಮುಂದಿನ ರಂಗೋಲಿಗಳನ್ನು ಅರ್ಧರ್ಧ ಅಳಿಸಿ ಹೋಗಿತ್ತು. ಶ್ರಾವಣದ ಮೂರನೆಯ ಭಾನುವಾರ. ಇಂಥ ಬೆಳಗನ್ನು ದೇವರು ಎರಡೇ ಕೆಲಸಕ್ಕೆಂದು ಮಾಡಿರುತ್ತಾನೆ. ಗುಡಿಗೆ ಹೋಗಿಬರುವುದಕ್ಕೆ, ಆಮೇಲೆ ಬಿಸಿಬಿಸಿಯಾಗಿ ಏನನ್ನಾದರೂ ಕರಿದು ತಿನ್ನುವುದಕ್ಕೆ.

ವೇದಾ ಮೊದಲನೆಯದನ್ನು ಮುಗಿಸಿ ಬರುತ್ತಿದ್ದಳು. ಆಂಜನೇಯನ ತುಳಸಿಯನ್ನು ಎಂದಿನಂತೆ ಮುಡಿಗೆ ಸಿಕ್ಕಿಸಿಕೊಂಡಿದ್ದಳು. ಎರಡನೆಯ ಕೆಲಸ ಈ ತಿಂಗಳು ಅವಳಿಗಿಲ್ಲ. ಶ್ರಾವಣ ಹಿಡಿದಾಗಿನಿಂದ ಗಣೇಶನನ್ನು ನೀರಿಗೆ ಬಿಡುವವರೆಗೆ ಕೋಳಿ-ಕುರಿಯ ಬಾಡು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಯಾವುದಕ್ಕೆಂದು ಯಾರಿಗೂ ಹೇಳಿರಲಿಲ್ಲ.

ಹೊಸ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಪಕ್ಕದ ಮನೆಯ ಹೇಮಂತನ ಸ್ಕೂಟರ್ ನಿಂತಿತ್ತು. ಸೀಟಿನ ಮೇಲೆ ಒಂದು ಸ್ಟೀಲ್ ಡಬ್ಬಿ, ಮುಚ್ಚಳ ತೆಗೆದಿತ್ತು. ಅದರಿಂದ ಏಳುವ ಹಬೆಯ ಆಚೆಗೊಬ್ಬ ಹುಡುಗಿ. ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ಒಂದು ಕೆಂಪನೆಯ ಕೋಳಿ ಪೀಸನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ಕರುಂ ಎಂದ ಸದ್ದು ರಸ್ತೆಯ ಈಚೆಗೂ ಕೇಳಿಸಿತು. ಕಣ್ಣು ಮುಚ್ಚಿದಳು. ಹೆಬ್ಬೆರಳು ನೆಕ್ಕಿದಳು.

ಹೇಮಂತ ಅವಳ ಮುಖವನ್ನೇ ನೋಡುತ್ತಿದ್ದ. ತುಟಿ, ಕಣ್ಣು, ಹುಬ್ಬು ಒಂದನ್ನೂ ಬಿಡದೆ, ಪರೀಕ್ಷೆಯ ಫಲಿತಾಂಶ ಕಾಯುವವನ ಹಾಗೆ.

ವೇದಾಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದರು. ಆ ನೋಟ ಇಷ್ಟು ದಿನ ತನ್ನದಾಗಿತ್ತು.

ಎರಡು ವರ್ಷದ ಹಿಂದೆ ಹೇಮಂತ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಚಿಕ್ಕಂದಿನಿಂದ ಜೊತೆಗೆ ಆಡಿದವನು. ಒಂದು ದಿನ ಬಂದು, "ವೇದಾ, ನಾನೊಂದು ಕಬಾಬ್ ಅಂಗಡಿ ಇಡ್ಬೇಕು ಕಣೇ. ಈ ಕಡೆಯೆಲ್ಲ ಯಾರೂ ತಿಂದಿರಬಾರ್ದು ಅಂಥದ್ದು. ನಂಗೆ ಕೈ ಇದೆ, ನಾಲ್ಗೆ ಇಲ್ಲ. ನಿನ್ನದು ಕೊಡ್ತೀಯಾ?" ಎಂದಿದ್ದ.

ಆಮೇಲೆ ಪ್ರತಿ ಭಾನುವಾರ ಅವರಿಬ್ಬರದೂ ಒಂದು ಯಾತ್ರೆ. ಮಾಕಳಿಯ ಹೆದ್ದಾರಿ ಬದಿಯ ತಳ್ಳುಗಾಡಿ, ಚಿಕ್ಕಬಾಣಾವರ ಸ್ಟೇಷನ್ನಿನ ಪಕ್ಕದ ಮಿಲಿಟರಿ ಹೋಟೆಲ್, ಆರ್.ಟಿ. ನಗರದ ಗಲ್ಲಿಗಳು, ಹೆಬ್ಬಾಳದ ಎ.ಸಿ. ರೆಸ್ಟೋರೆಂಟು. ಅವಳು ತಿನ್ನುವಳು, ಅವನು ನೋಡುವನು. "ಬಣ್ಣ ಜಾಸ್ತಿ, ರುಚಿ ಕಮ್ಮಿ" ಎನ್ನುವಳು. "ಹಿಟ್ಟೇ ತಿಂದಂಗಾಯ್ತು" ಎನ್ನುವಳು. ಚೆನ್ನಾಗಿದ್ದರೆ ಮಾತ್ರ ಮಾತೇ ಇಲ್ಲ. ಎಡಗಡೆಯ ಹುಬ್ಬು ಒಂದಿಷ್ಟು ಮೇಲೇಳುತ್ತಿತ್ತು, ಅಷ್ಟೆ. ಆ ಹುಬ್ಬಿಗಾಗಿ ಅವನು ಎಷ್ಟು ಪೆಟ್ರೋಲ್ ಸುಟ್ಟನೋ!

ಊರೆಲ್ಲ ಸುತ್ತಿದ ಮೇಲೆ ತಿಳಿದದ್ದು, ಹುಡುಕುತ್ತಿದ್ದದ್ದು ಮನೆಯಲ್ಲೇ ಇತ್ತೆಂದು. ವೇದಾಳ ಅಜ್ಜಿ ಮುನಿವೆಂಕಟಮ್ಮ ಕರಿಯುತ್ತಿದ್ದ ಕೋಳಿಯ ಮುಂದೆ ಯಾವುದೂ ಇಲ್ಲ. ಎಳೆಯ ಕೋಳಿ, ಚರ್ಮ ಬಿಡಿಸಬಾರದು. ಶುಂಠಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ನಿಂಬೆರಸ ಸೇರಿಸಿ ಅರೆದು ಹಚ್ಚಿ ರಾತ್ರಿಯಿಡೀ ಇಡಬೇಕು. ಎರಡು ಸಲ ಎಣ್ಣೆಗೆ ಬಿಡಬೇಕು. ಮೊದಲು ಸಣ್ಣ ಉರಿ, ಆಮೇಲೆ ದೊಡ್ಡದು. ಎಣ್ಣೆಯ ಗದ್ದಲ ತಾನಾಗಿ ತಗ್ಗಿದಾಗ ಎತ್ತಬೇಕು. ಇನ್ನು ಉಪ್ಪು, ಖಾರ? ಅದಕ್ಕೆ ಅಜ್ಜಿಯ ಬಳಿ ಒಂದು ತೆಂಗಿನ ಚಿಪ್ಪಿತ್ತು. ಅವಳ ಅತ್ತೆ ಕೊಟ್ಟದ್ದು. ಅಂಚು ತೀಡಿ, ಒಳಗೆ ಒಂದು ಗೆರೆ ಕೊರೆದಿತ್ತು. ಗೆರೆಯವರೆಗೆ ಉಪ್ಪು, ಬಾಯಿವರೆಗೆ ಖಾರ.

"ಅಜ್ಜಿ, ಒಂದ್ಸಲ ತೂಕ ಹಾಕಿ ಬರ್ಕೊಂಡ್ಬಿಡ್ಲಾ?" ಎಂದು ಹೇಮಂತ ಕೇಳಿದ್ದಕ್ಕೆ ಅಜ್ಜಿ, "ತಿನ್ನೋದನ್ನ ಅಳೆದಾಕ್ಬೇಕು ಮಗಾ, ತೂಗಿ ಆಕ್ಬಾರ್ದು. ಈ ಚಿಪ್ಪೇ ತಗೊಂಡೋಗು. ಅಂಗ್ಡಿ ನಿಂತ್ಮೇಲೆ ತಂದ್ಕೊಡು" ಎಂದಿದ್ದಳು.

ಅವನು ಕಾರು ಮಾರಿ ಅಂಗಡಿ ಹಿಡಿದ. ಗಣೇಶನ ಹಬ್ಬ ಮುಗಿದ ಮೇಲಿನ ಭಾನುವಾರ ಅದರ ಆರಂಭ. ಅದು ನೆಲೆ ನಿಲ್ಲದಿದ್ದರೆ ಕಾರೂ ಇಲ್ಲ, ಅಂಗಡಿಯೂ ಇಲ್ಲ. ಅಂಗಡಿಯ ಎರಡನೇ ಬೀಗದ ಕೈ ವೇದಾಳ ಮನೆಯ ಮೊಳೆಗೇ ನೇತಾಡುತ್ತಿತ್ತು.

"ಏ ವೇದಾ!" ಹೇಮಂತ ಈಗ ಅವಳನ್ನು ಕಂಡಿದ್ದ. "ಬಾ ಇಲ್ಲಿ. ಇವ್ರು ತೇಜಸ್ವಿನಿ, ಐದನೇ ಫ್ಲೋರು. ಸಖತ್ ನಾಲ್ಗೆ ಕಣೇ ಇವ್ರದ್ದು."

"ಕಾಣ್ತು. ಹೊರಗೇ ಇತ್ತಲ್ಲ."

ತೇಜಸ್ವಿನಿ ಅವಳನ್ನು ಮುಡಿಯಿಂದ ಹಿಮ್ಮಡಿಯವರೆಗೆ ನೋಡಿ, "ಓ... ನೀವೇನಾ?" ಎಂದು ನಕ್ಕಳು.

ನೀವೇನಾ ಎಂದರೆ? ನನ್ನ ಬಗ್ಗೆ ಇವಳ ಹತ್ತಿರ ಏನು ಹೇಳಿಕೊಂಡು ನಕ್ಕಿದ್ದಾನೆ ಇವನು? ವೇದಾಳ ಕಿವಿ ಬಿಸಿಯಾಯಿತು.

"ತಿನ್ನದಿದ್ರೆ ಹೋಗ್ಲಿ, ವಾಸನೆ ನೋಡಾದ್ರೂ ಹೇಳೇ. ಶುಂಠಿ ಜಾಸ್ತಿ ಆಯ್ತಾ?" ಎಂದ ಹೇಮಂತ.

"ನಾನು ಶ್ರಾವಣದಲ್ಲಿದ್ದೀನಿ."

"ಮೂಗಿಗೂ ಶ್ರಾವಣನಾ?"

"ಕಣ್ಣಿಗೂ. ಅದಕ್ಕೇ ಇಲ್ಲಿ ನಿಂತ್ಕೊಳಲ್ಲ."

ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. "ಯಾಕವ್ವಾ ಮೊಕ ಇಂಗೆ ಊದ್ಕೊಂಡೈತೆ? ಆಂಜನೇಯ ಏನಾರಾ ಅಂದ್ನಾ?"

"ಅವನಿಗೇನಜ್ಜಿ, ಬ್ರಹ್ಮಚಾರಿ. ಆರಾಮಾಗಿದ್ದಾನೆ."

ಅಜ್ಜಿ ಕಾಳಿನಿಂದ ತಲೆ ಎತ್ತಲಿಲ್ಲ. ತುಟಿಯ ಕೊನೆಯಲ್ಲಿ ಮಾತ್ರ ಏನೋ ಸುಳಿಯಿತು.

ಹೊಟ್ಟೆಕಿಚ್ಚಿಗೆ ಸೌದೆ ಬೇಕಿಲ್ಲ, ತಾನಾಗಿ ಉರಿಯುತ್ತದೆ. ಮಾರನೆಯ ದಿನ ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುವಾಗಲೂ ವೇದಾಳ ಕಣ್ಣ ಮುಂದೆ ಆ ನೆಕ್ಕಿದ ಹೆಬ್ಬೆರಳೇ. ಸಂಜೆ ಹೇಮಂತ ಕೋಳಿ ತರಲು ಗಯಾಸನ ಅಂಗಡಿಗೆ ಹೋದದ್ದನ್ನು ಮಾಳಿಗೆಯಿಂದ ನೋಡಿದಳು. ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು.

ಕಳ್ಳತನ ಮಾಡುವ ಮನಸ್ಸು ಯಾವಾಗಲೂ ನ್ಯಾಯವನ್ನೇ ಮಾತಾಡುತ್ತದೆ. ಆ ಚಿಪ್ಪು ಅಜ್ಜಿಯದು, ನಮ್ಮ ಮನೆಯದು. ಬೇಕಾದರೆ ಐದನೇ ಫ್ಲೋರಿನವಳು ತನ್ನ ನಾಲಿಗೆಯಲ್ಲೇ ಅಳೆದುಕೊಡಲಿ. ಹೀಗೆಂದುಕೊಳ್ಳುತ್ತ ಅಂಗಡಿಯ ಬೀಗ ತೆಗೆದು, ಉಪ್ಪಿನ ಜಾಡಿಯ ಹಿಂದಕ್ಕೆ ಬಗ್ಗಿ ಅದನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಮನೆಗೆ ಬಂದು ದೇವರ ಪಟದ ಹಿಂದೆ ಬಚ್ಚಿಟ್ಟಳು. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಆದರೆ ದಿನಾ ದೀಪ ಹಚ್ಚುವವಳು ಅವಳೇ ಆಗಿದ್ದಳು. ಹಚ್ಚುವಾಗಲೆಲ್ಲ ಪಟದ ಹಿಂದಿನಿಂದ ಏನೋ ತನ್ನನ್ನೇ ನೋಡಿದಂತಾಗುತ್ತಿತ್ತು.

ಮುಂದಿನ ಭಾನುವಾರ ಅಪಾರ್ಟ್‌ಮೆಂಟಿನ ಐವತ್ತು ಜನರಿಗೆ ಹೇಮಂತ ಕಬಾಬ್ ಮಾಡಿಕೊಟ್ಟ. ಸುದ್ದಿ ತಂದವನು ಗಯಾಸ್.

"ಏನ್ ಹೇಳ್ಲಿ ಸಿಸ್ಟರ್! ಬಾಯಿಗಿಟ್ರೆ ಸಮುದ್ರ ಕುಡ್ದಂಗಿತ್ತು. ಅರ್ಧ ಜನ ಪ್ಲೇಟಲ್ಲೇ ಬಿಟ್ಟೋದ್ರು. ಆ ಅಳತೆ ಚಿಪ್ಪು ಇಲ್ವಂತೆ, ಸ್ಪೂನಲ್ಲಿ ಅಂದಾಜು ಹಾಕಿದ್ದಾನೆ."

"ರುಚಿ ನೋಡೋರು ಇದ್ರಲ್ಲ?"

"ಆ ಮೇಡಂಗೆ ಅವತ್ತು ನೆಗಡಿ. ನನ್ನ ನಂಬಂಗಿಲ್ಲ. ದಿನಾ ಕೋಳಿ ಕಡಿದೂ ಕಡಿದೂ ನಂಗೆಲ್ಲಾ ಒಂದೇ ರುಚಿ."

"ಚಿಪ್ಪು... ಹುಡುಕ್ಲಿಲ್ವಾ ಅವನು?"

"ಅದೇ ಆಶ್ಚರ್ಯ. ಹುಡುಕ್ಲೇ ಇಲ್ಲ. ಒಂದ್ ಮಾತೂ ಆಡ್ಲಿಲ್ಲ. ಬಾಣ್ಲೆ ತೊಳ್ದು ಬೋರ್ಲು ಹಾಕ್ದ."

ಗಯಾಸ್ ಹೋದ ಮೇಲೆ ವೇದಾಳ ಬಾಯಲ್ಲಿ ಒಂದು ಕ್ಷಣ ಬೆಲ್ಲ ಕರಗಿತು. ಹೌದು, ಕರಗಿತು; ಸುಳ್ಳೇಕೆ ಹೇಳಬೇಕು. ಆಮೇಲೆ ಬೋರಲು ಬಿದ್ದ ಆ ಬಾಣಲೆ ಕಣ್ಣಿಗೆ ಕಟ್ಟಿತು. ಅಂದು ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಕೊಟ್ಟುಬಿಡುತ್ತೇನೆ ಎಂದುಕೊಂಡಳು. ಹೋದರೆ ಏನೆಂದು ಹೇಳುವುದು? ಹೀಗೆ ಅಮಾವಾಸ್ಯೆ ಕಳೆಯಿತು, ಗೌರಿ ಬಂದಳು, ಗಣೇಶ ಬಂದು ನೀರಿಗೂ ಇಳಿದ. ಆರಂಭಕ್ಕೆ ಒಂದು ದಿನ ಉಳಿಯಿತು.

ಆ ಶನಿವಾರ ಸಂಜೆ ಬಾಗಿಲಲ್ಲಿ ತೇಜಸ್ವಿನಿ ನಿಂತಿದ್ದಳು.

"ಒಳಗೆ ಬರ್ಬೋದಾ? ಎರಡೇ ನಿಮಿಷ." ಅಜ್ಜಿಗೆ ಕೈಮುಗಿದು ಜಗಲಿಯ ಮೇಲೇ ಕೂತಳು. "ನಾಳೆ ಅಂಗಡಿ ಓಪನಿಂಗಿಗೆ ನೀವು ಬರ್ಲೇಬೇಕು. ಹೇಮಂತ್ ಅವ್ರು ಕರೆಯಲ್ಲ ಅನ್ಸುತ್ತೆ. ಅದಕ್ಕೆ ನಾನೇ ಬಂದೆ."

"ನೀವಿದ್ದೀರಲ್ಲ. ನಾನ್ಯಾಕೆ?"

ತೇಜಸ್ವಿನಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಅವ್ರಿಗೆ ರುಚಿ ನೋಡೋಕೆ ಜನ ಯಾಕೆ ಬೇಕಾಯ್ತು ಗೊತ್ತಾ ನಿಮ್ಗೆ?"

"ಯಾಕೆ?"

"ಅವ್ರೂ ತಿಂತಿಲ್ಲ ಕಣ್ರೀ. ಒಂದು ತಿಂಗಳಿಂದ ಒಂದು ಪೀಸ್ ಬಾಯಿಗಿಟ್ಟಿಲ್ಲ. ಕೇಳಿದ್ರೆ, 'ಅವಳು ಬಿಟ್ಟಿದ್ದಾಳೆ, ನಂಗೊಬ್ಬನಿಗೇ ಹೇಗೆ ಸೇರುತ್ತೆ' ಅಂತಾರೆ. ನಾನು ಸೂಪರ್ ಅಂದ್ರೆ ಖುಷೀನೇ ಆಗಲ್ಲ. 'ಇದನ್ನ ವೇದಾ ತಿಂದ್ರೆ ಏನಂತಾಳೆ?' ಅಂತ ಕೇಳ್ತಾರೆ. ನಂಗೇನ್ರೀ ಗೊತ್ತು! ಅವತ್ತು ಗೇಟ್ ಹತ್ರ ನಿಮ್ಮನ್ನ ನೋಡಿ, ಓ ಇವ್ರೇನಾ ಆ ವೇದಾ ಅಂತ..." ನಕ್ಕಳು. "ನಿಜ ಹೇಳ್ಲಾ? ನಂಗೇ ಸ್ವಲ್ಪ ಹೊಟ್ಟೆಕಿಚ್ಚಾಯ್ತು."

ವೇದಾಳಿಗೆ ಕೂತಲ್ಲೇ ನೆಲ ಬಿಸಿಯಾಯಿತು. ತೇಜಸ್ವಿನಿ ಹೋಗುವವರೆಗೆ ತಡೆದುಕೊಂಡು, ದೇವರ ಮನೆಗೆ ನಡೆದು ಪಟದ ಹಿಂದೆ ಕೈ ಹಾಕಿದಳು. ಹಿಂದಿನಿಂದ ಅಜ್ಜಿಯ ದನಿ ಬಂತು.

"ಸಿಕ್ತಾ? ದೀಪಕ್ಕೆ ಎಣ್ಣೆ ಆಕೋವಾಗ ನೋಡ್ದೆ, ಹದಿನೈದು ದಿನ ಆಯ್ತು. ದೇವ್ರೇ ಕಾಯ್ಲಿ ಅಂತ ಸುಮ್ಕಿದ್ದೆ."

"ಬೈಯಜ್ಜಿ."

"ನಾನ್ಯಾಕೆ ಬೈಲಿ? ನಿಮ್ಮ ತಾತ ಸಂತೆಲಿ ಬಳೆಗಾರ್ತಿ ಜೊತೆ ಮಾತಾಡ್ದ ಅಂತ ನಾನು ಮೂರು ದಿನ ಸಾರಿಗೆ ಉಪ್ಪೇ ಆಕಿರ್ಲಿಲ್ಲ. ನೀನು ಇಂಗೆ ಮಾಡ್ದೆ." ಅಜ್ಜಿ ಹತ್ತಿರ ಬಂದು ಮುಂಗುರುಳು ಸರಿಸಿದಳು. "ಓಗಿ ಕೊಡು. ಅಳತೆ ಪಾತ್ರೆನ ಬರಿದಾಗಿ ಇಂದಿರುಗಿಸ್ಬಾರ್ದು, ಗೊತ್ತಲ್ಲ?"

ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಒಲೆ ಹಚ್ಚಿರಲಿಲ್ಲ. ಹೇಮಂತ ಉಪ್ಪಿನ ಜಾಡಿಯ ಮುಂದೆ ಸ್ಪೂನ್ ಹಿಡಿದು, ನೀರಿಗೆ ಇಳಿಯಲೋ ಬೇಡವೋ ಎನ್ನುವವನ ಹಾಗೆ ನಿಂತಿದ್ದ. ಮಸಾಲೆ ಹಚ್ಚಿದ ಕೋಳಿ ದೊಡ್ಡ ಬೇಸಿನ್ನಿನಲ್ಲಿ ಉಪ್ಪಿಗಾಗಿ ಕಾಯುತ್ತಿತ್ತು.

ವೇದಾ ಸೆರಗಿನೊಳಗೆ ಒಂದು ಕೈ ಮುಚ್ಚಿಕೊಂಡು ಒಳಗೆ ಬಂದಳು.

"ಬಂದ್ಯಾ?"

"ಬರಲ್ಲ ಅಂದ್ಕೊಂಡಿದ್ಯಾ?"

"ಬೆಳಿಗ್ಗೆಯಿಂದ ದೇವ್ರನ್ನ ಅದನ್ನೇ ಕೇಳ್ತಿದ್ದೆ. ಉತ್ರ ಕೊಡ್ಲಿಲ್ಲ. ಭಾನುವಾರ, ರಜ ಇರ್ಬೇಕು."

ಅವಳು ನಗಲಿಲ್ಲ. "ಚಿಪ್ಪು ಹುಡುಕ್ಲೇ ಇಲ್ವಂತೆ?"

ಹೇಮಂತ ಶೆಲ್ಫಿನ ಮೇಲಿಂದ ಏನನ್ನೋ ತೆಗೆದು ಅಂಗೈ ಚಾಚಿದ. ಒಣಗಿದ ಒಂದು ತುಳಸಿ ಕುಡಿ. "ಚಿಪ್ಪಿದ್ದ ಜಾಗದಲ್ಲಿ ಇದು ಬಿದ್ದಿತ್ತು. ಈ ಬೀದೀಲಿ ದಿನಾ ಆಂಜನೇಯನ ತುಳಸಿ ಮುಡಿಯೋಳು ಒಬ್ಳೇ."

"ಗೊತ್ತಿತ್ತಾ? ಗೊತ್ತಿದ್ದೂ ಕೇಳ್ಲಿಲ್ವಾ? ಐವತ್ತು ಜನದ ಮುಂದೆ ಮಾನ ಹೋಯ್ತಲ್ಲೋ!"

"ನಿಮ್ಮನೇದು ನೀನು ತಗೊಂಡೋದೆ. ಕೇಳೋಕೆ ನಾನ್ಯಾರು?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇರಿಯಿತು.

"ನಂಗೆ ಹೊಟ್ಟೆಕಿಚ್ಚು ಕಣೋ," ಎಂದಳು. "ಅವಳು ಕಣ್ಮುಚ್ಚಿ ತಿಂತಿದ್ಲು, ನೀನು ನೋಡ್ತಿದ್ದೆ. ಹಂಗೆ ನೋಡೋದು ನನ್ನೊಬ್ಳನ್ನೇ ಅಂದ್ಕೊಂಡಿದ್ದೆ."

"ಅವ್ರ ಎಡಗಡೆ ಹುಬ್ಬು ಏಳುತ್ತಾ ಅಂತ ನೋಡ್ತಿದ್ದೆ," ಎಂದ ಹೇಮಂತ. "ಒಂದ್ಸಲಾನೂ ಏಳ್ಲಿಲ್ಲ."

ಹೊರಗೆ ವಾಯುನೆಲೆಯ ವಿಮಾನವೊಂದು ಮೋಡದ ಮೇಲೆ ಗುಡುಗಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಹೇಮಂತ ಕೇಳಿದ.

"ಈ ವರ್ಷ ಯಾಕೆ ಇಡೀ ತಿಂಗಳು ಹಿಡಿದೆ ನೀನು? ಯಾವ ಹರಕೆ?"

ವೇದಾ ಗದ್ದದಿಂದ ತೋರಿಸಿದಳು. ಒಲೆಯ ಮೇಲೆ, ಕುಂಕುಮ ಹಚ್ಚಿದ ಹೊಸ ಬಾಣಲೆ.

ಹೇಮಂತ ಬಾಣಲೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಬಾಣಲೆಯನ್ನು ನೋಡಿದ. ಕೈಯಲ್ಲಿದ್ದ ಸ್ಪೂನನ್ನು ಕೆಳಗಿಟ್ಟ.

"ನಿನ್ನ ನಾಲ್ಗೆ ಬೇಕು ಅಂತ ಎರಡು ವರ್ಷದಿಂದ ಹೇಳ್ತಿದ್ದೆ ನೋಡು, ಪೂರ್ತಿ ನಿಜ ಅಲ್ಲ ಅದು. ನೀನೇ ಬೇಕಾಗಿತ್ತು. ಹೇಳೋಕೆ ಧೈರ್ಯ ಇರ್ಲಿಲ್ಲ, ಕೋಳಿ ಅಡ್ಡ ಇಟ್ಕೊಂಡೆ. ಬಂದು ಅಜ್ಜಿನ ಕೇಳ್ಲಾ?"

"ಅಜ್ಜಿ ನಿನ್ನೆ ಸಂಜೇನೇ ಹೂಂ ಅಂದಂಗಾಯ್ತು. ನನ್ನ ಕೇಳು."

"ಕೇಳ್ತಿದ್ದೀನಲ್ಲ."

ಅವಳು ಮಾತಾಡಲಿಲ್ಲ. ಎಡಗಡೆಯ ಹುಬ್ಬು ಮಾತ್ರ ಒಂದಿಷ್ಟು ಮೇಲೆದ್ದಿತು.

ಆಮೇಲೆ ವೇದಾ ಸೆರಗಿನೊಳಗಿಂದ ಕೈ ತೆಗೆದಳು. ಅಂಚು ತೀಡಿದ ಹಳೆಯ ಚಿಪ್ಪು. ಒಳಗೆ, ಗೆರೆಗೆ ಸರಿಯಾಗಿ, ಮನೆಯಿಂದ ತಂದ ಬಿಳಿ ಉಪ್ಪು. ಅವನು ಕೈ ಚಾಚಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಆಗಬೇಕಾದಷ್ಟು ಆಗಲೇ ಆಗಿತ್ತು. ಒಂದು ಕಾಳೂ ಚೆಲ್ಲದ ಹಾಗೆ ಚಿಪ್ಪನ್ನು ಕಟ್ಟೆಯ ಮೇಲಿಟ್ಟು, ಮೆಲ್ಲನೆ ಅವನ ಕಡೆಗೆ ಸರಿಸಿದಳು.