ಎರಡು ಬಾಗಿಲಿನ ಕಾರು

ಕಡ್ಡಿ ಇನ್ನೊಂದು ಸ್ಕ್ರೂ ಬಿಚ್ಚಿ ಡಬ್ಬದ ಮುಚ್ಚಳದಲ್ಲಿ ಇಟ್ಟಳು. ಮೊದಲು ಬಿಚ್ಚಿದ್ದು ಎಡಗಡೆ, ಆಮೇಲಿನದು ಅದರ ಪಕ್ಕ, ಹೀಗೆ ಸಾಲಾಗಿ. ಯಾವ ತೂತಿನಿಂದ ಬಂತೋ ಅದೇ ತೂತಿಗೆ ವಾಪಸು ಹೋಗಬೇಕು.

ಕಾರಿನ ಹಿಂದಿನ ಸೀಟು ಆಗಲೇ ಹೊರಗೆ ಬಂದು ಶೆಡ್ಡಿನ ಗೋಡೆಗೆ ಒರಗಿತ್ತು. ಸೀಟಿದ್ದ ಜಾಗದಲ್ಲಿ ಕಡ್ಡಿ ಮಂಡಿಯೂರಿ ಕೂತಿದ್ದಳು. ಅಮ್ಮನ ತಲೆ ಬಾನೆಟ್ಟಿನ ಕೆಳಗಿತ್ತು. ಅಮ್ಮನೂ ಮಾತಾಡಲಿಲ್ಲ, ಕಡ್ಡಿಯೂ ಮಾತಾಡಲಿಲ್ಲ.

ಹಳೆಯ ಕಾರು ಕೊಳ್ಳುವವರು ಕೊಳ್ಳುವ ಮೊದಲು ಅಮ್ಮನನ್ನು ಕರೆಸುತ್ತಾರೆ. ಕಾರು ಅಸಲಿಯೋ ನಕಲಿಯೋ ನೋಡಿ ಹೇಳುವುದು ಅಮ್ಮನ ಕೆಲಸ. ಅಮ್ಮನದು ಒಂದೇ ನಿಯಮ: ಕಾರಿನೊಳಗೆ ಕೈ ಇರುವಾಗ ಬಾಯಿ ಮುಚ್ಚಿರಬೇಕು. ಮಧ್ಯದಲ್ಲಿ ಚೆನ್ನಾಗಿದೆ ಅಂದರೆ ಮಾರುವವರು ಹಿಗ್ಗಿ ಕಾಫಿ ತರಲು ಓಡುತ್ತಾರೆ. ಅಯ್ಯೋ ಅಂದರೆ ತಲೆಮೇಲೆ ಕೈ ಹೊತ್ತು ಕೂರುತ್ತಾರೆ. ಎರಡರಿಂದಲೂ ಕೆಲಸ ಕೆಡುತ್ತದೆ.

ಕಿಟಕಿಯಲ್ಲಿ ಒಂದು ಮೂಗು ಕಾಣಿಸಿತು. ಮೂಗಿನ ಹಿಂದೆ ರೇಡಿಯೊ.

ರೇಡಿಯೊ ಕಡ್ಡಿಯ ಕ್ಲಾಸಿನವಳು, ಕಡ್ಡಿಯ ಬೆಂಚಿನವಳು. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎಂದು ಮಿಸ್ಸೇ ಇಟ್ಟ ಹೆಸರು ಅದು. ಈ ಕಾರು ಅವಳ ತಾತನದು.

“ಏಯ್ ಕಡ್ಡಿ, ಎಲ್ಲಾ ಓಕೆ ತಾನೆ?” ರೇಡಿಯೊ ಪಿಸುಗುಟ್ಟಿದಳು.

ಕಡ್ಡಿ ತುಟಿಯ ಮೇಲೆ ಬೆರಳಿಟ್ಟಳು.

“ಗೊತ್ತು ಗೊತ್ತು, ನಿನ್ನ ಬಾಯಿಗೆ ಬೀಗ. ನೀನು ತಲೆ ಆಡಿಸಿದ್ರೆ ಸಾಕು. ನಂಬರ್ ಓಕೆನಾ? ಗ್ಲಾಸ್ ಓಕೆನಾ? ಅದೇನು, ನಿಮ್ಮಮ್ಮ ಬಟ್ಟೇಲಿ ಮ್ಯಾಗ್ನೆಟ್ ಸುತ್ಕೊಂಡು ಬಾಗಿಲಿಗೆಲ್ಲ ಮುಟ್ಟಿಸ್ತಿದ್ರಲ್ಲ, ಅದು ಅಂಟಿತು ತಾನೆ? ನಾನು ನೋಡ್ತಿದ್ದೆ, ಚೆನ್ನಾಗಿ ಅಂಟ್ತಿತ್ತು. ಅಂದ್ರೆ ಪಾಸ್ ತಾನೆ?”

ಕಡ್ಡಿ ಇನ್ನೊಂದು ಸ್ಕ್ರೂ ಬಿಚ್ಚಿದಳು.

“ಫೇಲ್ ಮಾತ್ರ ಮಾಡ್ಬೇಡ್ವೇ. ನಾನು ಇಡೀ ಕ್ಲಾಸಿಗೆ ಹೇಳಿಬಿಟ್ಟಿದ್ದೀನಿ. ಮ್ಯೂಸಿಯಮ್ಮಿನವರು ತಗೊಂಡ್ರೆ ಗಾಜಿನ ಹಾಲಲ್ಲಿ ಇಡ್ತಾರಂತೆ. ಮುಂದೆ ಬೋರ್ಡು. ಬೋರ್ಡಲ್ಲಿ ತಾತನ ಹೆಸರು. ತಾತ ದಿನಾ ಊಟಕ್ಕೆ ಕೂತಾಗ ಒಂದೊಂದು ಥರ ಹೇಳ್ತಾರೆ. ಹೆಸರು ಮೇಲೆ ಇರ್ಬೇಕಾ, ಕೆಳಗೆ ಇರ್ಬೇಕಾ ಅಂತ. ಅಜ್ಜಿಗೆ ಕೇಳಿ ಕೇಳಿ ಸಾಕಾಗಿ, ‘ಬೋರ್ಡು ಬರೆಯೋರಿಗೇ ಊಟಕ್ಕೆ ಹೇಳಿ’ ಅಂದ್ರು.”

ಕಡ್ಡಿಗೆ ನಗು ಬಂತು. ನಗುವಾಗ ಬಾಯಿ ತೆರೆದರೆ ನಿಯಮ ಮುರಿದ ಹಾಗೋ ಅಲ್ಲವೋ ಗೊತ್ತಾಗದೆ ತುಟಿ ಕಚ್ಚಿಕೊಂಡಳು.

“ಲಾಸ್ಟ್ ಬೆಂಚಿನವರು ಈ ಕಾರನ್ನ ತಗಡು ತಗಡು ಅಂತ ಎಷ್ಟು ರೇಗಿಸ್ತಿದ್ರು. ಈಗ ಅವರೇ, ಒಳಗೆ ಕೂತು ಫೋಟೊ ತೆಗೆಸ್ಕೋಬೋದಾ ಅಂತ ಕೇಳ್ತಿದ್ದಾರೆ.” ರೇಡಿಯೊ ಕಿಟಕಿಯೊಳಗೆ ಇನ್ನಷ್ಟು ಬಗ್ಗಿದಳು. “ನನ್ನ ಫ್ರೆಂಡ್ ಅಲ್ವೇನೆ ನೀನು?”

ಕೊನೆಯ ಸ್ಕ್ರೂ ಬಂತು. ಒಳಗೋಡೆಯ ಹಾಗಿದ್ದ ಹಲಗೆ ಸಡಿಲಾಗಿ ಕಡ್ಡಿಯ ಮೊಣಕಾಲಿನ ಮೇಲೆ ಬಿತ್ತು. ಹಲಗೆಯ ಹಿಂದೆ ಕಾರಿನ ತಗಡು. ತಗಡಿನಲ್ಲಿ ಒಂದು ಚಿಕ್ಕ ತೂತು.

ಇಡೀ ಕಾರಿನ ಗುಟ್ಟು ಆ ತೂತಿನ ಆಚೆಗಿತ್ತು.

ಈ ಜಾತಿಯ ಕಾರುಗಳಿಗೆಲ್ಲ ನಾಲ್ಕು ಬಾಗಿಲು, ಈ ಕಾರಿಗೆ ಎರಡೇ. ಕಂಪನಿಯವರು ಸ್ವಲ್ಪ ಕಾಲ ಮಾತ್ರ ಎರಡು ಬಾಗಿಲಿನದನ್ನು ಮಾಡಿ ನಿಲ್ಲಿಸಿಬಿಟ್ಟರಂತೆ. ಉಳಿದಿರುವುದು ತೀರ ಕಡಿಮೆ. ಆದ್ದರಿಂದಲೇ ಅದಕ್ಕೆ ಅಷ್ಟು ಬೇಡಿಕೆ. ಬೇಡಿಕೆ ಬಂದದ್ದೇ ತಡ, ಕೆಲವರು ನಾಲ್ಕು ಬಾಗಿಲಿನ ಕಾರನ್ನು ಕತ್ತರಿಸಿ, ಹಿಂದಿನ ಬಾಗಿಲು ಇದ್ದ ಜಾಗಕ್ಕೆ ತಗಡು ಬೆಸೆದು, ಮುಂದಿನ ಬಾಗಿಲನ್ನು ಉದ್ದ ಮಾಡಿದರು. ಹೊರಗಿನಿಂದ ನೋಡಿದರೆ ಒಂದಿಷ್ಟೂ ಗೊತ್ತಾಗುವುದಿಲ್ಲ. ಒಳಗಡೆ ಬೆಸುಗೆಯ ಗಂಟು ಇರುತ್ತದೆ. ಅಸಲಿಯಾದರೆ ನುಣ್ಣಗಿರುತ್ತದೆ.

ಫೋನಿನ ಕ್ಯಾಮೆರಾ ಒಳಗೆ ಬಿಟ್ಟು ನೋಡಬಹುದಲ್ಲ ಎಂದು ಕಡ್ಡಿ ಹಿಂದೊಮ್ಮೆ ಕೇಳಿದ್ದಳು. ಒಳಗೆಲ್ಲ ತುಕ್ಕು ಹಿಡಿಯದ ಹಾಗೆ ದಪ್ಪಗೆ ಕಪ್ಪು ಬಳಿದಿರುತ್ತಾರೆ, ಕ್ಯಾಮೆರಾಕ್ಕೆ ಎಲ್ಲ ಒಂದೇ ಕಪ್ಪು, ಬೆರಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ ಎಂದು ಅಮ್ಮ ಹೇಳಿದ್ದಳು. ಆದರೆ ಅಮ್ಮನ ಕೈ ಆ ತೂತಿನಲ್ಲಿ ಹಿಡಿಸುವುದಿಲ್ಲ. ಹೆಸರಿಗೆ ತಕ್ಕಂತೆ ಕಡ್ಡಿಯ ಕೈ ಸಲೀಸಾಗಿ ಹೋಗುತ್ತದೆ.

ಅಮ್ಮ ಬಾನೆಟ್ಟು ಮುಚ್ಚಿ ಬಂದು ಕಾರಿನ ಬಾಗಿಲಲ್ಲಿ ಬಗ್ಗಿದಳು. ತಾತನೂ ಬಂದರು. ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಮದುವೆಗೆ ಹೆಣ್ಣು ಕೇಳಲು ಬಂದವರ ಮುಂದೆ ನಿಂತ ಹಾಗೆ ನಿಂತಿದ್ದರು.

“ಏನಮ್ಮ, ಈ ಮಗೂನೇ ದೊಡ್ಡ ಇನ್‌ಸ್ಪೆಕ್ಟರಾ?” ಎಂದರು ತಾತ.

“ಹೌದು ಯಜಮಾನ್ರೆ. ನಾನು ಬರೀ ಅಸಿಸ್ಟೆಂಟು.”

ತಾತ ನಕ್ಕರು. ಆಮೇಲೆ ನಗು ನಿಲ್ಲಿಸಿ, ಕಾರಿನ ಮೇಲೆ ಕೈಯಿಟ್ಟರು.

ಕಡ್ಡಿ ಅಂಗಿಯ ತೋಳು ಮಡಚಿ ಕೈ ಒಳಗೆ ಬಿಟ್ಟಳು. ಒಳಗೆ ತಣ್ಣಗಿತ್ತು. ಬೆರಳು ತಗಡಿನ ಮೇಲೆ ಮೆಲ್ಲಗೆ ಸರಿಯಿತು. ನುಣುಪು. ನುಣುಪು. ಇನ್ನೂ ಸ್ವಲ್ಪ ಮುಂದೆ.

ಅಲ್ಲಿ ಬೆರಳಿಗೆ ಏನೋ ತಡೆಯಿತು.

ಗಂಟು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಹರಿದ ಚೀಲವನ್ನು ದಪ್ಪ ದಾರದಲ್ಲಿ ಹೊಲಿದ ಹಾಗೆ, ಮೇಲಿನಿಂದ ಕೆಳಗಿನವರೆಗೆ.

ಕಡ್ಡಿ ತಲೆಯೆತ್ತಿದಳು. ಎದುರಿನ ಕಿಟಕಿಯಲ್ಲಿ ರೇಡಿಯೊ ಎರಡೂ ಕೈ ಗದ್ದಕ್ಕೊತ್ತಿಕೊಂಡು ಅವಳನ್ನೇ ನೋಡುತ್ತಿದ್ದಳು.

“ಹೇಗಿದೆ?” ಅಮ್ಮ ಕೇಳಿದಳು.

“ನುಣ್ಣಗಿದೆ,” ಅಂದಳು ಕಡ್ಡಿ.

ರೇಡಿಯೊ ಕಿಟಕಿಯಿಂದ ಮಾಯವಾದಳು. ಹೊರಗೆ ಅವಳು ಕುಣಿಯುತ್ತಿರುವ ಸದ್ದು ಕೇಳಿತು. ತಾತ ಹಿಡಿದಿಟ್ಟಿದ್ದ ಉಸಿರು ಬಿಟ್ಟರು. “ನಾನು ಹೇಳ್ಲಿಲ್ವಾ. ನನಗೆ ಈ ಕಾರು ಕೊಟ್ಟವನು ಒಳ್ಳೆ ಮನುಷ್ಯ. ಸುಳ್ಳು ಹೇಳೋನಲ್ಲ.”

“ಸರಿ,” ಎಂದಳು ಅಮ್ಮ.

ಅಷ್ಟೇ ಅಂದಳು. ಕಡ್ಡಿ ಇನ್ನೊಂದು ಪ್ರಶ್ನೆಗೆ ಕಾಯುತ್ತಿದ್ದಳು. ಅಮ್ಮ ಯಾವುದನ್ನೂ ಒಂದೇ ಸಲಕ್ಕೆ ಬಿಡುವವಳಲ್ಲ. ಇಂಜಿನ್ನಿನ ನಂಬರನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದ್ದಳು. ತಾತನ ಹತ್ತಿರ ಇದ್ದ ಕಾಗದಗಳನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿದ್ದಳು. ಮನೆಗೆ ಬೀಗ ಹಾಕಿ ಹೊರಟರೆ ಬೀದಿಯ ಕೊನೆಯಿಂದ ವಾಪಸು ಬಂದು ಎಳೆದು ನೋಡುವವಳು ಅವಳು.

ಕಡ್ಡಿಯ ಮಾತನ್ನು ಮಾತ್ರ ಅವಳು ಎಳೆದು ನೋಡಲಿಲ್ಲ. ಹಲಗೆಯನ್ನು ಎತ್ತಿ ಜಾಗಕ್ಕೆ ಹಿಡಿದು, ಇನ್ನೊಂದು ಕೈ ಚಾಚಿದಳು. “ಸ್ಕ್ರೂ ಕೊಡು.”

ಕಡ್ಡಿ ಮುಚ್ಚಳವನ್ನು ಹಿಡಿದುಕೊಂಡೇ ಇದ್ದಳು. ಅಮ್ಮನ ಅಂಗೈ ಹಾಗೇ ಕಾಯುತ್ತಿತ್ತು. ಆ ಅಂಗೈಯ ಗೆರೆಗಳಲ್ಲೆಲ್ಲ ಗ್ರೀಸು ತುಂಬಿತ್ತು.

“ಅಮ್ಮ, ಇನ್ನೊಂದ್ಸಲ ಕೈ ಹಾಕ್ತೀನಿ.”

ಅಮ್ಮ ಅವಳ ಮುಖ ನೋಡಿದಳು. ಹಲಗೆಯನ್ನು ಕೆಳಗಿಟ್ಟಳು.

ಕಡ್ಡಿ ಮತ್ತೆ ಕೈ ಒಳಗೆ ಬಿಟ್ಟಳು. ಗಂಟುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಇಲ್ಲದೆ ಹೋಗಲಿ ಎಂದುಕೊಂಡೇ ಅವಳು ಮುಟ್ಟಿದ್ದಳು.

“ಗಂಟಿದೆ.”

“ಎಲ್ಲಿಂದ ಎಲ್ಲಿವರೆಗೆ?”

“ಮೇಲಿಂದ ಕೆಳಗಿನ ತನಕ. ಪೂರ್ತಿ.”

ರೇಡಿಯೊ ತಿರುಗಿ ಕಿಟಕಿಗೆ ಬಂದಿದ್ದಳು. “ಮೊದಲು ನುಣ್ಣಗಿದೆ ಅಂದೆಯಲ್ಲ,” ಅಂದಳು. ಅವಳ ದನಿ ಎಂದಿನಂತಿರಲಿಲ್ಲ. “ಈಗಷ್ಟೇ ಅಂದೆ.”

“ಸುಳ್ಳು ಹೇಳ್ದೆ.”

“ಯಾಕೆ?”

ಯಾಕೆಂದು ರೇಡಿಯೊಗೂ ಗೊತ್ತಿತ್ತು.

ಅಮ್ಮ ಬೈಯಲಿಲ್ಲ. ಹೆಗಲ ಮೇಲಿದ್ದ ಬಟ್ಟೆಯನ್ನು ಕೊಟ್ಟು, “ಕೈ ಒರೆಸ್ಕೋ,” ಅಂದಳು. ಆಮೇಲೆ ಹೊರಗೆ ಹೋಗಿ ಮ್ಯೂಸಿಯಮ್ಮಿನವರಿಗೆ ಫೋನು ಮಾಡಿದಳು. ಶೆಡ್ಡಿನ ಬಾಗಿಲು ತೆರೆದೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

“ನೋಡಿದೆ ಸರ್. ಮೂಲದಲ್ಲಿ ನಾಲ್ಕು ಬಾಗಿಲಿನದೇ. ಹಿಂದಿನ ಬಾಗಿಲು ಬೆಸೆದು ಮುಚ್ಚಿದ್ದಾರೆ. ಮಾಡಿದವರು ಒಳ್ಳೆ ಕೆಲಸಗಾರರು. ಇಲ್ಲ, ಇವರಿಗೆ ಗೊತ್ತಿರಲಿಲ್ಲ. ಇವರು ತಗೊಳ್ಳೋ ಮೊದಲೇ ಆಗಿರೋದು. ಹೂಂ. ಹೂಂ. ಆಯ್ತು.”

ತಾತ ಕಾರಿನ ತೆರೆದ ಬಾಗಿಲಿಗೆ ಬಂದರು. ಸೊಂಟ ಬಗ್ಗಿಸಿ, ಒಳಗೆ ತಲೆ ಹಾಕಿ, ತೂತಿಗೆ ಕೈ ಹಚ್ಚಿದರು. ಬೆರಳುಗಳು ಹೋದವು. ಗೆಣ್ಣಿನ ಹತ್ತಿರ ಕೈ ಸಿಕ್ಕಿಕೊಂಡಿತು. ಓರೆ ಮಾಡಿ ನೋಡಿದರು. ಹೆಬ್ಬೆರಳು ಮಡಚಿ ನೋಡಿದರು. ಹೋಗಲಿಲ್ಲ. ಇಸ್ತ್ರಿಯ ಅಂಗಿಯ ತೋಳಿಗೆ ಕಪ್ಪು ಮೆತ್ತಿಕೊಂಡಿತು.

“ಇದರಲ್ಲೇ ನಿಮ್ಮಮ್ಮ ಡ್ರೈವಿಂಗ್ ಕಲ್ತಿದ್ದು,” ಅಂದರು ರೇಡಿಯೊಗೆ. “ನಿನ್ನನ್ನು ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದೂ ಇದರಲ್ಲೇ. ಅಷ್ಟು ಸಲ ತೊಳೆದಿದ್ದೀನಿ. ಒಳಗಡೆ ಮಾತ್ರ ನೋಡೇ ಇಲ್ಲ.” ಕೈ ಹೊರಗೆ ತೆಗೆದರು. “ನೀನಾದ್ರೂ ಹಾಕಿ ನೋಡು ಪುಟ್ಟಿ.”

ರೇಡಿಯೊ ಕೈಗಡಿಯಾರ ಬಿಚ್ಚಿ ತಾತನ ಕೈಗೆ ಕೊಟ್ಟಳು. ಕಡ್ಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ರೇಡಿಯೊ ಅವಳನ್ನು ನೋಡದೆ ಒಳಗೆ ಬಂದು ಕೂತಳು. ಅವಳ ಕೈ ಸ್ವಲ್ಪ ದಪ್ಪ. ತಿರುಚಿ ತಿರುಚಿ ಮೊಣಕೈವರೆಗೆ ಹೇಗೋ ತೂರಿಸಿದಳು.

ಕಡ್ಡಿ ಅವಳ ಮುಖವನ್ನೇ ನೋಡುತ್ತಿದ್ದಳು. ಕೈ ಸರಿಯುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಇನ್ನೂ ಮುಂದೆ, ಇನ್ನೂ ಮುಂದೆ. ಆಮೇಲೆ ರೇಡಿಯೊಳ ಕಣ್ಣು ಒಂದೇ ಕಡೆ ನಿಂತುಬಿಟ್ಟಿತು. ಬೆರಳಿಗೆ ಎಲ್ಲಿ ತಡೆಯಿತು ಎಂದು ಕಡ್ಡಿಗೆ ಸರಿಯಾಗಿ ಗೊತ್ತಾಯಿತು.

“ಏನಿದೆ?” ತಾತ ಕೇಳಿದರು.

ರೇಡಿಯೊ ಮೆಲ್ಲಗೆ ಕೈ ಹೊರಗೆಳೆದಳು.

“ಏನೂ ಇಲ್ಲ ತಾತ. ನುಣ್ಣಗಿದೆ.”

ಕಡ್ಡಿ ಅಮ್ಮನ ಕಡೆ ತಿರುಗಿದಳು. ಅಮ್ಮ ಫೋನು ಮುಗಿಸಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ತಪ್ಪು ಮಾತು ಕೇಳಿದರೆ ತಿದ್ದದೆ ಬಿಡದ ಅಮ್ಮ, ಈಗ ಒಂದು ಸ್ಪ್ಯಾನರನ್ನು ಎತ್ತಿಕೊಂಡು, ಆಗಲೇ ಒರೆಸಿಟ್ಟಿದ್ದನ್ನು ಇನ್ನೊಮ್ಮೆ ಒರೆಸಿದಳು.

“ಹೌದಾ,” ಅಂದರು ತಾತ. “ಸರಿ ಹಾಗಾದ್ರೆ.”

ಅವರು ರೇಡಿಯೊಳ ತಲೆಯ ಮೇಲೆ ಕೈಯಿಟ್ಟರು. ಅವರು ನಂಬಿರಲಿಲ್ಲ. ಅದು ಕಡ್ಡಿಗೆ ಗೊತ್ತಾಯಿತು. ಅವರು ನಂಬಿಲ್ಲ ಎಂದು ರೇಡಿಯೊಗೂ ಗೊತ್ತಿತ್ತು. ಆದರೂ ಅವಳು ತಲೆಯನ್ನು ಆ ಕೈಯ ಕೆಳಗೆ ಹಾಗೇ ಇಟ್ಟುಕೊಂಡಿದ್ದಳು.

ಅವಳು ಹೇಳಿದ್ದು ಕಡ್ಡಿ ಹೇಳಿದ್ದ ಅದೇ ಮಾತು. ಆದರೆ ಈ ಮಾತು ಯಾವ ಗಾಜಿನ ಹಾಲಿಗೂ, ಯಾವ ಬೋರ್ಡಿಗೂ ಹೋಗುವುದಿಲ್ಲ. ಮೊಮ್ಮಗಳ ಬಾಯಿಂದ ತಾತನ ಕಿವಿಗೆ ಬಂದು, ಅಲ್ಲೇ ಉಳಿಯುತ್ತದೆ. ಕಡ್ಡಿ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡಳು. ರೇಡಿಯೊ ತನ್ನ ಜೊತೆ ಯಾವಾಗ ಮಾತಾಡುತ್ತಾಳೆ ಎಂದು ಕೇಳಬೇಕು ಅನ್ನಿಸಿತು. ಈಗ ಕೇಳುವುದು ಬೇಡ ಅನ್ನಿಸಿತು.

ತಾತ ಸುತ್ತಿಕೊಂಡು ಹೋಗಿ ಆಚೆ ಬದಿಯ ಬಾಗಿಲು ತೆಗೆದು ಸ್ಟೇರಿಂಗ್ ಹಿಂದೆ ಕೂತರು. ಹಿಂದಿನ ಸೀಟು ಇನ್ನೂ ಗೋಡೆಗೆ ಒರಗಿಯೇ ಇತ್ತು, ಹಲಗೆ ಕೆಳಗಿತ್ತು, ಹುಡುಗಿಯರಿಬ್ಬರೂ ಬರಿಯ ತಗಡಿನ ಮೇಲೆ ಕೂತಿದ್ದರು. ಅದನ್ನೆಲ್ಲ ಅವರು ನೋಡಿದಂತೆ ಕಾಣಲಿಲ್ಲ. ಕೀಲಿ ತಿರುಗಿಸಿದರು. ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

“ಯಾರಾದ್ರೂ ಆ ಗೇಟು ತೆಗೀರಿ, ಒಂದು ರೌಂಡ್ ಹೋಗ್ಬರೋಣ,” ಅಂದರು ತಾತ.